ಕತ್ತಲಲ್ಲಿ ಎರಡು ಆಂಪ್ಲಿಫೈಯರ್

ನಮ್ಮ ಭಾವನಿಗೆ, ಅಂದರೆ ನನ್ನಕ್ಕನ ಗಂಡನಿಗೆ, ನಾವಿಬ್ಬರೂ ಕೆಲಸ ಮಾಡುವ ಆಡಿಯೋ ಅಂಗಡಿಯಲ್ಲಿ ‘ಕಿವಿ’ ಎಂದೇ ಹೆಸರು. ಮನೆಯಲ್ಲೇ ಥಿಯೇಟರ್ ಮಾಡಿಸಿಕೊಳ್ಳುವ ದುಡ್ಡಿನವರು ಬಂದರೆ, ಒಳಗಿನ ಕೋಣೆಯಲ್ಲಿ ಎರಡು ದುಬಾರಿ ಆಂಪ್ಲಿಫೈಯರ್‌ಗಳನ್ನು ಒಂದಾದ ಮೇಲೊಂದು ಕೇಳಿಸಿ, ಯಾವುದು ಮೇಲು ಎಂದು ಹೇಳುವುದು ಅವರ ಕೆಲಸ. ಬಿಲ್ ಕೌಂಟರ್‌ನಲ್ಲಿ ಕೂರುವವಳು ನಾನು.

ಆ ಕಿವಿ ಕೈಕೊಟ್ಟು ಎರಡು ವರ್ಷವಾಗಿತ್ತು. ಮಾತೆಲ್ಲ ಕೇಳುತ್ತಿತ್ತು, ಕೀಚಲು ಸಣ್ಣ ದನಿಯ ಸದ್ದು ಮಾತ್ರ ಇಲ್ಲ. ಮಗಳಿಗೆ ಜ್ವರ ಬಂದಾಗ ಅವಳ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಕೂತೇ ಇದ್ದರು. ಅದು ಬೀಪ್ ಬೀಪ್ ಎಂದು ಬಡಕೊಂಡು ಸುಮ್ಮನಾಗಿತ್ತು.

“ಅಪ್ಪಾ, ಆಗ್ಲೇ ಆಯ್ತಲ್ಲ, ತೆಗಿ” ಎಂದಿತು ಮಗು. ಅಕ್ಕ ನನ್ನ ಮುಖ ನೋಡಿದಳು, ನಾನು ಅಕ್ಕನ ಮುಖ ನೋಡಿದೆ.

“ಅಂಗಡಿ ಯಜಮಾನ್ರಿಗೆ ಗೊತ್ತಾದ್ರೆ ಕೆಲಸ ಹೋಯ್ತು ಅಂತಾನೇ ಲೆಕ್ಕ. ನಿಂಗೆ ಕೈ ಮುಗೀತೀನಿ, ಬಾಯಿ ಬಿಡ್ಬೇಡ” ಎಂದರು ಭಾವ.

ನನ್ನದೋ ಬೊಂಬಾಯಿ, ಗುಟ್ಟು ನಿಲ್ಲುವುದಿಲ್ಲ. ಆದರೂ ಬಿಗಿಹಿಡಿದೆ. ಭಾವ ಗಿರಾಕಿಯ ಮುಖ ನೋಡಿ ಕೆಲಸ ಸಾಗಿಸತೊಡಗಿದರು. ಯಾವ ಆಂಪ್ಲಿಫೈಯರ್ ಕೇಳುವಾಗ ಗಿರಾಕಿಯ ಹುಬ್ಬು ಮೇಲೇರಿತೋ ಅದನ್ನೇ ಹೊಗಳುವುದು. ಒಂದು ಸಲವೂ ತಪ್ಪಲಿಲ್ಲ, ನೋಡಿ! ಒಳಕೋಣೆಯ ಬಾಗಿಲು ಮುಚ್ಚಿದಾಗಲೆಲ್ಲ ಜೀವ ಕೈಯಲ್ಲಿ ಹಿಡಿದು ಕೂರುವ ಪಾಡು ಮಾತ್ರ ನನ್ನದು.

ಹೋದ ವಾರ ಗಂಡ ಹೆಂಡತಿ ಇಬ್ಬರು ಬಂದರು. ದೊಡ್ಡ ವ್ಯಾಪಾರವೆಂದು ಯಜಮಾನರೂ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಗಿರಾಕಿ ತಲೆ ಹೊರಹಾಕಿ, “ಮೇಡಂ, ಲೈಟ್ ಆರಿಸಿ. ಮನೇಲಿ ಕತ್ತಲಲ್ಲೇ ತಾನೆ ನಾವು ನೋಡೋದು?” ಎಂದರು.

ಅಯ್ಯೋ ದೇವರೇ! ಸ್ವಿಚ್ಚು ನನ್ನ ಪಕ್ಕದಲ್ಲೇ. ಆರಿಸಿ, ನಾನೂ ಒಳಗೆ ನುಸುಳಿದೆ.

“ಎರಡರಲ್ಲಿ ಒಂದರಿಂದ ಸಣ್ಣಗೆ ಸುಂಯ್ ಅಂತ ಬರ್ತಿದೆ. ಯಾವುದು ಅಂತ ನೀವೇ ಹೇಳಿ” ಎಂದರು ಗಿರಾಕಿ.

ಭಾವ ಕೈಯಲ್ಲಿದ್ದ ಪೆಟ್ಟಿಗೆಯ ಬಟನ್ ಒತ್ತಿ ಒಂದರಿಂದ ಇನ್ನೊಂದಕ್ಕೆ ಬದಲಿಸಿದರು. ಮೊದಲನೆಯದು, ಎರಡನೆಯದು, ಮತ್ತೆ ಮೊದಲನೆಯದು. ಎರಡನೆಯದರ ಸುಂಯ್ ನನಗೆ ಚೆನ್ನಾಗಿ ಕೇಳಿತು. ಭಾವನಿಗೆ ನೋಡಲು ಕತ್ತಲಲ್ಲಿ ಯಾರ ಮುಖವಿದೆ? ಆಗಿದ್ದಾಗಲಿ ಎಂದು ತಡಕಾಡಿ, ತೋಳು ಸಿಕ್ಕಿದ್ದೇ, ಎರಡನೆಯದು ಬಂದ ಕೂಡಲೇ ಬಲವಾಗಿ ಚಿವುಟಿದೆ.

“ಎರಡನೇದು” ಎಂಬ ದನಿ ನನ್ನ ಕಿವಿಯ ಪಕ್ಕದಲ್ಲೇ ಬಂತು. ಯಜಮಾನರದ್ದು! ನನ್ನ ಜೀವ ಬಾಯಿಗೆ ಬಂತು. ಓಡಿಹೋಗಿ ಲೈಟ್ ಹಾಕಿದರೆ, ಭಾವ ಆಚೆ ಗೋಡೆಗೆ ಒರಗಿ ಬೆವರುತ್ತಿದ್ದರು.

ಗಿರಾಕಿಗಳು ಮೊದಲನೆಯದನ್ನೇ ಕೊಂಡು ಹೋದರು. ಯಜಮಾನರು ತೋಳು ಉಜ್ಜಿಕೊಳ್ಳುತ್ತಾ ಭಾವನನ್ನು, “ಕಿವಿ ಎಷ್ಟು ದಿನದಿಂದ ಹೀಗೆ?” ಎಂದು ಕೇಳಿದರು. ಭಾವ ತಲೆ ತಗ್ಗಿಸಿ, “ಎರಡು ವರ್ಷ ಆಯ್ತು” ಎಂದರು.

“ಅವರನ್ನ ತೆಗೀಬೇಡಿ ಸರ್” ಎಂದು ನಾನು ಅಡ್ಡ ಬಂದೆ.

“ತೆಗೀತೀನಿ ಅಂದವರು ಯಾರಮ್ಮಾ? ನಾಳೆಯಿಂದ ಒಳಗೆ ನೀನಿರು. ಅವರು ಬಿಲ್ ನೋಡ್ಕೊಳ್ಲಿ. ಅಲ್ಲೂ ಎಡವಿದ್ರೆ ಆಮೇಲೆ ನನ್ನ ಕೇಳ್ಬೇಡಿ.”

ಭಾವ ಬಟನ್ ಪೆಟ್ಟಿಗೆಯನ್ನು ಒರೆಸಿ ನನ್ನ ಕೈಗಿಟ್ಟರು. ಉಳಿಸಲು ಹೋದ ನಾನೇ ಅವರ ಜಾಗ ಕಿತ್ತುಕೊಂಡಿದ್ದೆ. ದುಃಖ ಉಕ್ಕಿ ಬಂತು. “ಅಳ್ತೀಯಾಕೆ, ಹುಚ್ಚಿ? ಇನ್ಮೇಲೆ ಭಯ ಇಲ್ವಲ್ಲ” ಎಂದರು.

ಇವತ್ತು ಒಳಗಿನಿಂದ ನೋಡುತ್ತೇನೆ: ಕೌಂಟರ್‌ನಲ್ಲಿ ಭಾವ ಕಾರ್ಡ್ ಮೆಷಿನ್ ಹಿಡಿದು ಕಾಯುತ್ತಿದ್ದಾರೆ. ಅದು ಬೀಪ್ ಎಂದು ಆಗಲೇ ಸುಮ್ಮನಾಗಿದೆ. ಗಿರಾಕಿಯೂ ಕಾಯುತ್ತಿದ್ದಾನೆ.

“ಭಾವಾ, ಆಯ್ತು, ಬಿಲ್ ಕೊಡಿ!” ಎಂದು ಅಲ್ಲಿಂದಲೇ ಕೂಗಿದೆ.

ಯಜಮಾನರು ಪೇಪರಿನಿಂದ ತಲೆ ಎತ್ತಿ ಭಾವನ ಕಡೆ ನೋಡಿದರು.