ದೊಡ್ಡಕ್ಕನ ಹಂಡೆ

ಇವತ್ತು ಬೆಳಿಗ್ಗೆ ಹಳೇಬೀಡಿನ ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ವಡೆ ಬಾಣಲೆಯ ಎಣ್ಣೆ ಸಿಡಿದು, ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸಿನ ಮುಂಗೈ ಸುಟ್ಟಿತು. ಪಕ್ಕದಲ್ಲಿದ್ದವಳು ಗಾಬರಿಯಿಂದ ಇಡ್ಲಿ ಹಿಟ್ಟಿಗೆ ಕೈ ಹಾಕಿ, ಒಂದು ಮುಷ್ಟಿ ಎತ್ತಿಕೊಂಡು ಓಡಿಬಂದಳು. ಆ ಹುಳಿ ಹಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅರಸೀಕೆರೆ ನೆನಪಾಯಿತು... ದೊಡ್ಡಕ್ಕನ ಅಡುಗೆಮನೆ.

ದೊಡ್ಡಕ್ಕ ನನ್ನ ಒಡಹುಟ್ಟಿದವರಲ್ಲ. ಅರಸೀಕೆರೆ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ನಾನು ಕೆಲಸಕ್ಕೆ ಸೇರಿದಾಗ ಅವರು ಅಲ್ಲಿಯ ಮುಖ್ಯ ಅಡುಗೆಯವರು. ಜಾವಗಲ್ ಕಡೆಯವರು. ಗಂಟಲು ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ಬಿಸಿ ಪಾತ್ರೆ ಎತ್ತಿದವರು "ಬಿಸಿ!" ಅಂತ ಕೂಗಬೇಕು, ಕೇಳಿದವರು ಇದ್ದಲ್ಲೇ ನಿಲ್ಲಬೇಕು. ನೈಲಾನ್ ಸೀರೆ ಉಟ್ಟು ಬಂದವರನ್ನು ಬಾಗಿಲಿಂದಲೇ ವಾಪಸು ಅಟ್ಟುತ್ತಿದ್ದರು. ಮೊದಲ ದಿನ ನನ್ನನ್ನೂ ಅಟ್ಟಿದ್ದರು!

ಎಲ್ಲಕ್ಕಿಂತ ವಿಚಿತ್ರ ಅವರ ಹಂಡೆ. ಬೇಸಿಗೆಯಲ್ಲಿ ಅಲ್ಲಿಯ ತಾರಸಿ ಟ್ಯಾಂಕಿನ ನೀರು ಮಧ್ಯಾಹ್ನಕ್ಕೆ ಕಾದುಹೋಗುತ್ತಿತ್ತು, ನಲ್ಲಿ ತಿರುಗಿಸಿದರೆ ಬಿಸಿನೀರೇ. ಅದಕ್ಕೇ ಮೂಲೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ದೊಡ್ಡ ಹಂಡೆ ಇಟ್ಟು, ದಿನಾ ಹೊಸ ನೀರು ತುಂಬಿಸುತ್ತಿದ್ದರು. ಅದರಿಂದ ಕುಡಿಯುವಂತಿಲ್ಲ, ಪಾತ್ರೆ ತೊಳೆಯುವಂತಿಲ್ಲ. ಸುಟ್ಟ ಕೈಗೆ ಮಾತ್ರ ಆ ನೀರು. ಯಾರೂ ಮುಟ್ಟುವಂತಿರಲಿಲ್ಲವಲ್ಲ, ಅದಕ್ಕೆ 'ದೊಡ್ಡಕ್ಕನ ದೇವರು' ಅಂತ ಹೆಸರಿಟ್ಟು ಅವರ ಬೆನ್ನ ಹಿಂದೆ ನಗುತ್ತಿದ್ದೆವು. ನಕ್ಕವರಲ್ಲಿ ನಾನೇ ಮುಂದು.

ಅವರ ಎಡಗೈಯ ಎರಡು ಬೆರಳು ಕೊಕ್ಕೆಯ ಹಾಗೆ ಮಡಚಿಕೊಂಡೇ ಇರುತ್ತಿದ್ದವು. ಹಿಂದೆ ಬೇರೊಂದು ಹೋಟೆಲಿನಲ್ಲಿ ಎಣ್ಣೆ ಬಿದ್ದಾಗ ಎಲ್ಲರೂ ಸೇರಿ ಹಿಟ್ಟು ಮೆತ್ತಿದ್ದರಂತೆ. ಅದು ಒಣಗಿ, ಅಂಟಿ, ಒಳಗೆಲ್ಲ ಕೀವಾಗಿ... ಆ ಕಥೆಯನ್ನು ಅವರು ಒಂದೇ ಸಲ ಹೇಳಿದ್ದು.

ಒಂದು ಬೇಸಿಗೆಯ ಮಧ್ಯಾಹ್ನ ಎರಡು ಪ್ರವಾಸಿ ಬಸ್ಸಿನ ಜನ ಒಟ್ಟಿಗೆ ಊಟಕ್ಕೆ ಬಂದರು. ಅವಸರದಲ್ಲಿ ನಾನು ಒದ್ದೆ ಮಸಿಬಟ್ಟೆಯಲ್ಲೇ ಸಾಂಬಾರಿನ ಪಾತ್ರೆ ಹಿಡಿದು ಎತ್ತಿದೆ. ಒದ್ದೆ ಬಟ್ಟೆಯಲ್ಲಿ ಬಿಸಿ ಚುರ್ರೆಂದು ಏರಿ ಹಿಡಿತ ತಪ್ಪಿತು. ಕುದಿಯುವ ಸಾಂಬಾರು ಬಲಗೈ ಮೇಲೆ ಬಿತ್ತು. ನಮ್ಮ ಮನೆಯಲ್ಲಿ ದುಡಿಯುವ ಕೈ ಅದೊಂದೇ. ಉರಿಗಿಂತ ಆ ಭಯಕ್ಕೇ ನಾನು ಕಿರುಚಿದ್ದು. ಓಡಿದ್ದೂ ಹಿಟ್ಟಿನ ಪಾತ್ರೆಯ ಕಡೆಗೇ!

ದೊಡ್ಡಕ್ಕ ಮೊಣಕೈ ಹಿಡಿದು ಎಳೆದರು. "ಹಿಟ್ಟು ಇಡ್ಲಿಗೆ ಕಣೇ, ಕೈಗಲ್ಲ!" ಕೈ ಊದುವ ಮೊದಲೇ ಬಳೆ ಜಾರಿಸಿ, ಹಂಡೆಯ ಪಕ್ಕ ಕೂರಿಸಿ, ಮಗ್ಗಿನಿಂದ ನಿಧಾನವಾಗಿ ನೀರು ಸುರಿಯತೊಡಗಿದರು.

ಮಾಲೀಕರು ಬಾಗಿಲಲ್ಲಿ ನಿಂತು ಚಡಪಡಿಸಿದರು. "ಒಂಚೂರು ಹಿಟ್ಟು ಬಳ್ದು ಕಳ್ಸಮ್ಮ, ಎರಡು ಬಸ್ ಜನ ಕೂತವ್ರೆ."

ದೊಡ್ಡಕ್ಕ ತಲೆ ಎತ್ತಲಿಲ್ಲ. ಒಲೆಗಳನ್ನೆಲ್ಲ ಆರಿಸಲು ನಮ್ಮವರಿಗೆ ಹೇಳಿ, "ಇವಳ ಕೈ ತಣ್ಣಗಾಗೋಗಂಟ ನಿಮ್ಮ ಒಲೆನೂ ತಣ್ಣಗಿರ್ಲಿ ಸಾವ್ಕಾರ್ರೇ" ಅಂದರು.

ಗೋಡೆ ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ. ಹೊರಗೆ ಜನ ಗಲಾಟೆ ಮಾಡಿದರು, ಮಾಲೀಕರು ಬೈದರು, ದೊಡ್ಡಕ್ಕ ಮಗ್ಗು ಕೆಳಗಿಡಲಿಲ್ಲ. ಆಮೇಲೆ ಅವರೇ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು.

"ಯಾರಮ್ಮ ನೀರು ಹಾಕಿದ್ದು? ಕೈ ಉಳಿಸಿದ್ದೀರಿ" ಎಂದರು ಡಾಕ್ಟರು. ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, "ನಾನೇ ಸಾ" ಅಂದರು ದೊಡ್ಡಕ್ಕ. ಅವರ ಮುಖ ನೋಡಬೇಕಿತ್ತು! ಅಂಥವರ ಕೈಕೆಳಗೆ ಕೆಲಸ ಮಾಡಿದವಳು ನಾನು ಅಂತ ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತೇನೆ.

ಅವರು ಹೋದ ವರ್ಷ ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದ್ದು ತಿಥಿಯೂ ಮುಗಿದ ಮೇಲೆ. ಕೊನೆಯ ಸಲ ಮುಖ ನೋಡಲಾಗಲಿಲ್ಲ ಅನ್ನುವ ಸಂಕಟ ಹೋಗುವುದಿಲ್ಲ... ನನ್ನ ಹತ್ತಿರ ಅವರದೊಂದು ಫೋಟೊ ಕೂಡ ಇಲ್ಲ.

ಇವತ್ತು ಹಿಟ್ಟು ತಂದವಳನ್ನು ತಡೆದು, ಒಲೆ ಆರಿಸಿ, ನಮ್ಮ ಮೂಲೆಯ ಹಂಡೆಯಿಂದ ನಾನೇ ನೀರು ಸುರಿದೆ. ಹೊಸಬಳು ಅಳುತ್ತಲೇ ಕೇಳಿದಳು, "ಅಕ್ಕಾ, ನನ್ನ ಕೈ ಸರಿ ಹೋಯ್ತದಾ?"

ನಾನು ಮಗ್ಗನ್ನು ಎಡಗೈಗೆ ಬದಲಾಯಿಸಿಕೊಂಡೆ. ಬಲಗೈಯನ್ನು ಅವಳ ಮುಂದೆ ಚಾಚಿ, ಐದೂ ಬೆರಳುಗಳನ್ನು ನೆಟ್ಟಗೆ ಬಿಡಿಸಿ ತೋರಿಸಿದೆ.