ಗೋಡೆಯ ಕಾಗದವನ್ನು ಎರಡು ಸಲ ಓದಿದೆ

ಇವತ್ತು ನಾನು ಪಾಠ ಮಾಡುವ ಮೂರನೇ ತರಗತಿಯ ಹುಡುಗಿಯೊಬ್ಬಳು ಮೇಕೆಯ ಪಾಠವನ್ನು ಒಂದು ತಪ್ಪೂ ಇಲ್ಲದೆ ಓದಿದಳು. "ಮೇಕೆ ಯಾಕೆ ಓಡಿತು?" ಎಂದು ಕೇಳಿದೆ. ಅವಳು ಅದೇ ಪುಟವನ್ನು ಇನ್ನೂ ಜೋರಾಗಿ ಓದತೊಡಗಿದಳು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಪಾವಗಡದ ಗಡಿಯ ನಮ್ಮೂರಲ್ಲಿ ಮನೆಮಾತು ತೆಲುಗು, ಶಾಲೆಯದು ಕನ್ನಡ. ನಾನು ಈ ಹುಡುಗಿಯಷ್ಟಿದ್ದಾಗ ಒಂದು ದಿನ ಅಂಗನವಾಡಿ ಗೋಡೆಗೆ ಯಾರೋ ಕಾಗದ ಅಂಟಿಸಿ ಹೋಗಿದ್ದರು. ಮೈದಾ ಅಂಟಿನ ಹಸಿಹಸಿ ವಾಸನೆ ಇನ್ನೂ ಬರುತ್ತಿತ್ತು. ಕಣ್ಣಿಗೆ ಪೊರೆ ಬಂದಿದ್ದ ನಮ್ಮಜ್ಜಿ, ಓದು ಬಾರದವಳು, ಗೋಡೆ ತಡವುತ್ತಾ ನನ್ನನ್ನು ಅಲ್ಲಿಗೆ ಕರೆದೊಯ್ದಳು. "ನೇತ್ರ ತಪಾಸಣಾ ಶಿಬಿರ" ಎಂದು ಶುರುಮಾಡಿ ಶಾಲೆಯ ರಾಗದಲ್ಲಿ ಕೊನೆಯವರೆಗೂ ಓದಿದೆ. ಅಜ್ಜಿಯ ಮುಖ ಅರಳಿತು.

"ಏಮನಿ ರಾಸಿಂಡಾರಮ್ಮಾ?" ಏನು ಬರೆದಿದ್ದಾರೆ ಎಂದು ಕೇಳಿದಳು.

ನಾನು ಮತ್ತೆ ಓದಿದೆ, ಇನ್ನೂ ಜೋರಾಗಿ.

ವಾರದ ಮೇಲೆ ಪಕ್ಕದೂರಿನ ಮುದುಕಿಯೊಬ್ಬಳು ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಪುಕ್ಕಟೆ ಆಪರೇಷನ್ನಂತೆ. ಕರೆದೊಯ್ಯಲು ಬಂದ ಗಾಡಿ ಮೇನ್ ರೋಡಿನಲ್ಲಿ ನಮ್ಮೂರಿನವರಿಗೂ ಕಾದು ಹೋಯಿತಂತೆ. ಅಷ್ಟೂ ಆ ಕಾಗದದಲ್ಲೇ ಇತ್ತು.

ಅಜ್ಜಿ ಬೈಯಲಿಲ್ಲ. ನನ್ನ ತಲೆ ಎಲ್ಲಿದೆಯೆಂದು ಕೈಯಲ್ಲೇ ಹುಡುಕಿ ಸವರಿದಳು. "ಬಾಗಾನೇ ಚದಿವಿನಾವಮ್ಮಾ." ಚೆನ್ನಾಗಿಯೇ ಓದಿದೆಯಮ್ಮಾ ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ಇತ್ತ ತರಗತಿಯಲ್ಲಿ ಹುಡುಗಿ ಇನ್ನೂ ಓದುತ್ತಲೇ ಇದ್ದಳು. ನಾನೇ ಪುಸ್ತಕ ಮುಚ್ಚಿದೆ. "ನಿಮ್ಮಜ್ಜಿಗೆ ಹೇಳೋ ಹಂಗೆ ಹೇಳಮ್ಮ, ಮೇಕೆಗೆ ಏನಾಯ್ತು?"

ಅವಳು ಯಾರಾದರೂ ಕೇಳಿಸಿಕೊಂಡಾರೆಂದು ಬಾಗಿಲ ಕಡೆ ಒಮ್ಮೆ ನೋಡಿ, ಹೆದರುತ್ತಲೇ ತೆಲುಗಿನಲ್ಲಿ ಶುರುಮಾಡಿದಳು. ಆಗ ನಾನು ಅವಳ ಪಕ್ಕದಲ್ಲಿ, ನೆಲದ ಮೇಲೆ ಕೂತೆ.