ಬರ್ಫದ ಗುಡ್ಡ ನೋಡಲು ಹೋದ ಅವ್ವ

ಕಡಿಮೆ ಖರ್ಚಿನಲ್ಲಿ ಪರದೇಶಕ್ಕೆ ಹೋಗಿಬರುವುದು ಹೇಗೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಅಳು. ಕೇಳಿದವರ ತಪ್ಪೇನೂ ಇಲ್ಲ. ಎಂಬತ್ತರ ದಶಕದಲ್ಲಿ ನಮ್ಮ ಓಣಿಯಿಂದ ಪರದೇಶ ಕಂಡು ಬಂದ ಹೆಣ್ಣುಮಗಳು ನಾನೊಬ್ಬಳೇ. ಅದಕ್ಕೇ ನನ್ನನ್ನು ಕೇಳುತ್ತಾರೆ. ನಾನೂ ಹೇಳುತ್ತೇನೆ. ಕಡಕ್ ರೊಟ್ಟಿ ಒಯ್ಯಿರಿ, ರಾತ್ರಿ ರೈಲಿನಲ್ಲಿ ಕಳೆಯಿರಿ, ಧರ್ಮಶಾಲೆ ಹುಡುಕಿರಿ. ಒಂದು ಮಾತು ಮಾತ್ರ ಇದುವರೆಗೆ ಯಾರಿಗೂ ಹೇಳಿಲ್ಲ.

ಪರದೇಶ ಅಂದರೆ ನೇಪಾಳ. ನಗಬೇಡಿ. ಅಲ್ಲಿಗೆ ಹೋಗಲು ಪಾಸ್‌ಪೋರ್ಟು ಬೇಡ, ವಿಮಾನ ಬೇಡ. ಆದರೂ ಅಲ್ಲಿನ ನೋಟು ಬೇರೆ, ಆಗ ರಾಜನೂ ಇದ್ದ. ನಮ್ಮಂಥವರ ಕೈಗೆ ಎಟುಕುವ ಪರದೇಶ ಅದೊಂದೇ. ಆಗ ನಾನು ಅಫಜಲಪುರದಲ್ಲಿ ಪ್ರಾಥಮಿಕ ಶಾಲೆಯ ಅಕ್ಕೋರು. ಅಪ್ಪ ತೀರಿಹೋಗಿದ್ದ. ನಾನು ಒಬ್ಬಳೇ ಮಗಳು. ಅವ್ವ ಮಾದನಹಿಪ್ಪರಗಾದ ಹತ್ತಿರದ ನಮ್ಮೂರಿನಲ್ಲಿ ಇದ್ದ ಹೊಲ ನೋಡಿಕೊಂಡು, ಸೋಮವಾರ ಬಿಟ್ಟು ಉಳಿದ ದಿನವೆಲ್ಲ ಊರವರ ಜೊತೆ ಜಗಳಾಡಿಕೊಂಡು ಗಟ್ಟಿಮುಟ್ಟಾಗಿ ಇದ್ದಳು. ನನ್ನ ಬಾಯಿ ನನಗೆ ಎಲ್ಲಿಂದ ಬಂತು ಎಂದು ಯಾರೂ ಕೇಳುವ ಹಾಗಿರಲಿಲ್ಲ.

ಅವಳ ತಲೆಯಲ್ಲಿ ಹುಳ ಬಿಟ್ಟವನು ನನ್ನ ಕಾಕಾ, ಅಪ್ಪನ ತಮ್ಮ. ಆಳಂದದಲ್ಲಿ ಅವನದು ಬಟ್ಟೆ ಅಂಗಡಿ. ಸೊಲ್ಲಾಪುರದ ವ್ಯಾಪಾರಿಗಳ ಜೊತೆ ಒಮ್ಮೆ ಕಠ್ಮಂಡುವಿಗೆ ಹೋಗಿ, ಒಂದು ಮಡಚುವ ಛತ್ರಿ ಮತ್ತು ಮುಗಿಯದಷ್ಟು ಉಪದೇಶ ತಂದಿದ್ದ. "ಪರದೇಶಕ್ಕ ಹೋಗಾಕ ರೊಕ್ಕ ಬ್ಯಾಡ್ರಿ ವೈನಿ, ಅಕಲ್ ಬೇಕು," ಅನ್ನುತ್ತಿದ್ದ. ಅವನ ಉಪದೇಶದಲ್ಲಿ ಅವ್ವನಿಗೆ ಆಸಕ್ತಿ ಇರಲಿಲ್ಲ. ಅವಳ ಮನಸ್ಸು ಸಿಕ್ಕಿಕೊಂಡದ್ದು ಅವನು ಹೇಳಿದ ಬರ್ಫದ ಗುಡ್ಡದಲ್ಲಿ. ನಮ್ಮದು ಎರೆಹೊಲದ ಸೀಮೆ. ಎತ್ತ ನೋಡಿದರೂ ರೊಟ್ಟಿ ತಟ್ಟಿದ ಹಾಗೆ ಸಪಾಟು. ಅವ್ವ ಕಂಡ ಅತಿ ಎತ್ತರದ ವಸ್ತು ಅಂದರೆ ಕಣದಲ್ಲಿ ಒಟ್ಟಿದ ಜೋಳದ ಕಣಿಕೆಯ ಬಣವೆ.

"ಬ್ಯಾಸಗ್ಯಾಗ ಆ ಗುಡ್ಡ ಕರಗೂದಿಲ್ಲೇನೋ ತಮ್ಮಾ?" ಎಂದು ಕೇಳುತ್ತಿದ್ದಳು.

"ಇಲ್ರಿ ವೈನಿ. ಬಿಸಲ ಬಿದ್ರ ಬೆಳ್ಳಿಗತೆ ಹೊಳೀತದ."

ಅವ್ವ ಕಣ್ಣು ಮುಚ್ಚಿ ಸುಮ್ಮನೆ ಕೂಡುತ್ತಿದ್ದಳು. ಒಂದು ದಿನ ನನಗೆ ಹೇಳಿಯೇಬಿಟ್ಟಳು. "ನನಗ ಬಂಗಾರ ಬ್ಯಾಡ, ಸೀರಿ ಬ್ಯಾಡ. ಒಂದ್ ಸಲ ಆ ಗುಡ್ಡ ನೋಡ್ತೇನಿ. ಆಮ್ಯಾಲ ಏನೂ ಕೇಳೂದಿಲ್ಲ ಬೇ." ಜೀವನದಲ್ಲಿ ಅವಳು ನನ್ನನ್ನು ಏನನ್ನೂ ಕೇಳಿರಲಿಲ್ಲ. ಆಯಿತು ಅಂದೆ. ದಸರೆಗೆ ಶಾಲೆ ಸೂಟಿ ಬಿದ್ದಾಗ ಹೊರಡುವುದೆಂದು ಗೊತ್ತುಮಾಡಿದೆವು. ಕಾಕಾ ಜೊತೆಗೆ ಬರುತ್ತೇನೆಂದು ತಾನೇ ಹೇಳಿದ. ಬರಬೇಡ ಅಂದಿದ್ದರೂ ಬರುತ್ತಿದ್ದ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ನಮ್ಮ ಹಾಸಿಗೆ ಗಿಡ್ಡದ್ದು. ಅದಕ್ಕೆ ತಯಾರಿ ದೊಡ್ಡದಾಗಿತ್ತು. ಅವ್ವ ನಸುಕಿನಿಂದ ಒಲೆಯ ಮುಂದೆ ಕೂತು ಬಿಳಿಜೋಳದ ರೊಟ್ಟಿ ತಟ್ಟಿ, ಕಡಕ್ಕಾಗುವವರೆಗೆ ಕಾವಿಗೆ ನಿಲ್ಲಿಸಿ, ಅಪ್ಪನ ಹಳೆಯ ಧೋತರದಲ್ಲಿ ಸುತ್ತಿದಳು. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿದಳು, ಗುರೆಳ್ಳು ಹಿಂಡಿ ಕುಟ್ಟಿದಳು. ಚಳಿಗೆ ಶಾಲು ಕೊಳ್ಳಲು ಬಿಡಲಿಲ್ಲ. "ಕೌದಿ ಏನು ಸತ್ತದೇನು?" ಅಂದಳು. ತನ್ನ ಹಳೆಯ ಇಳಕಲ್ ಸೀರೆಗಳ ತುಂಡು ಸೇರಿಸಿ ಹೊಲಿದ ಕೌದಿ ಅದು, ಹೊದ್ದರೆ ಮೈಮೇಲೆ ಮನೆಯೇ ಕೂತ ಹಾಗೆ ಭಾರ.

ಕಾಕಾನ ಉಪದೇಶದಲ್ಲಿ ಒಂದು ಒಡವೆಯದು. ಬೆಳ್ಳಿ ಬಂಗಾರ ಮೈಮೇಲೆ ಇರಕೂಡದು, ಕಳ್ಳರ ಕಣ್ಣು ಅದರ ಮೇಲೇ ಇರುತ್ತದೆ. ಅವ್ವ ಕಿವಿಯದು ಬಿಚ್ಚಿಟ್ಟಳು. ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ಇತ್ತು. ಅದನ್ನೂ ಟ್ರಂಕಿನಲ್ಲಿಟ್ಟು ಲಿಂಗವನ್ನು ಅರಿವೆಯಲ್ಲಿ ಕಟ್ಟಿಕೊಂಡರಾಯಿತು ಅಂದಳು. ಅರಿವೆಯ ಚೀಲ ಹೊಲಿಯಲು ಕೂತಾಗ ಅವಳಿಗೇ ಹೊಳೆಯಿತು, ಚೀಲಕ್ಕೆ ಎರಡು ಪದರು ಮಾಡಿದರೆ ಒಂದರಲ್ಲಿ ಲಿಂಗ, ಇನ್ನೊಂದರಲ್ಲಿ ದಾರಿಯ ರೊಕ್ಕ.

"ಶಿವನ ಮಗ್ಗಲದಾಗಿನ ರೊಕ್ಕ ಯಾಂವ ಮುಟ್ತಾನ?" ಅಂದು ಸೂಜಿಗೆ ದಾರ ಪೋಣಿಸುತ್ತ ನಕ್ಕಳು.

"ನಿಮ್ಮ ಅಕಲಿಗೆ ಶರಣ್ರಿ ವೈನಿ," ಎಂದು ಕಾಕಾ ಕೈಮುಗಿದ. ನನಗೂ ಅದು ಸರಿ ಅನ್ನಿಸಿತು. ನಮ್ಮಲ್ಲಿ ಯಾರಿಗಾದರೂ ಸರಿ ಅನ್ನಿಸುವ ಮಾತೇ ಅದು. ಲಿಂಗ ಕಟ್ಟಿಕೊಂಡ ಎದೆಗೆ ಪರರ ಕೈ ತಾಗುತ್ತದೆಂದು ನಮಗೆ ಕನಸಿನಲ್ಲಿಯೂ ಹೊಳೆಯುವುದಿಲ್ಲ.

ಆ ಲಿಂಗ ಎಂಥದ್ದು ಅಂತ ಹೇಳಬೇಕು. ಅವ್ವ ತೊಟ್ಟಿಲ ಕೂಸಾಗಿದ್ದಾಗ ತವರೂರು ಇಜೇರಿಯ ಅಯ್ಯನವರು ಕಟ್ಟಿದ್ದು. ಲಗ್ನದಲ್ಲಿ, ಹೆರಿಗೆಯಲ್ಲಿ, ಅಪ್ಪನನ್ನು ಮಣ್ಣು ಮಾಡಿದ ದಿನ, ಒಮ್ಮೆಯೂ ಮೈಬಿಟ್ಟು ಹೋದದ್ದಲ್ಲ. ದಿನಾ ಬೆಳಗ್ಗೆ ಎಡ ಅಂಗೈಮೇಲೆ ಇಟ್ಟುಕೊಂಡು ಪೂಜೆ ಮಾಡದೆ ಅವಳು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಕಡೆಗೆ ಅದೇ ಅಂಗೈಯಲ್ಲಿ ಅದನ್ನೇ ಇಟ್ಟುಕೊಂಡು ಮಣ್ಣಿಗೆ ಹೋಗುವುದು. ಹುಟ್ಟಿನಿಂದ ಸಾವಿನ ತನಕ ಅದೊಂದೇ ಜೊತೆ.

ಹೋಗುವ ದಾರಿಯಲ್ಲಿ ನಾವು ಬಹಳ ಸುಖವಾಗಿದ್ದೆವು. ಈಗ ಅದನ್ನು ನೆನೆಯುವುದೇ ಹೆಚ್ಚು ಸಂಕಟ. ಸೊಲ್ಲಾಪುರದಿಂದ ರೈಲು, ಮತ್ತೆ ಮತ್ತೊಂದು ರೈಲು, ಗೋರಖಪುರದಿಂದ ಬಸ್ಸು. ಅವ್ವ ರೈಲು ಡಬ್ಬಿಯ ಮಂದಿಗೆಲ್ಲ ರೊಟ್ಟಿ ಹಂಚಿದಳು. ಹಿಂದಿಯ ಒಂದಕ್ಷರ ಬಾರದೆ ಹಿಂದಿಯ ಹೆಂಗಸರ ಜೊತೆ ಸೊಸೆಯಂದಿರ ವಿಷಯ ಮಾತಾಡಿದಳು, ಅವಳಿಗೆ ಸೊಸೆಯೇ ಇರಲಿಲ್ಲ. ಗಡಿಯಲ್ಲಿ ಒಂದು ಕಮಾನು ದಾಟಿದಾಗ ಕಾಕಾ "ಈಗ ಪರದೇಶ ಹತ್ತಿತ್ರಿ" ಅಂದ. ಅವ್ವ ನಿಂತು, ಬಗ್ಗಿ, ಆ ದೇಶದ ಮಣ್ಣು ಮುಟ್ಟಿ ನೋಡಿದಳು. "ನಮ್ಮ ಮಣ್ಣಿನಷ್ಟು ಕಪ್ಪಿಲ್ಲ ಬಿಡು" ಎಂದಳು.

ಕಠ್ಮಂಡುವಿನಲ್ಲಿ ಬಸ್ಸಿಳಿದಾಗ ಮುಂಜಾನೆ. ಮೋಡ ಕವಿದಿತ್ತು. ಬಸ್ಸಿನ ಬಾಗಿಲಲ್ಲಿ ಇಳಿಯುವವರು, ಹತ್ತುವವರು, ಗಂಟು ಎಳೆಯುವ ಹಮಾಲರು, ಧರ್ಮಶಾಲೆಗೆ ಕರೆಯುವವರು. ಆ ನೂಕಾಟದಿಂದ ಹೊರಬಂದು ಒಂದು ಗೋಡೆಯ ಬದಿಗೆ ನಿಂತು ಸಾಮಾನು ನೋಡಿಕೊಳ್ಳುತ್ತಿದ್ದೆವು. ಅವ್ವನ ಕೈ ಅಭ್ಯಾಸದಂತೆ ಎದೆಗೆ ಹೋಯಿತು. ಸೆರಗಿನೊಳಗಿಂದ ಬರೀ ಶಿವದಾರ ಹೊರಬಂತು, ಚೀಲವಿಲ್ಲ. ಅದರ ತುದಿ ಬ್ಲೇಡಿನಿಂದ ಕತ್ತರಿಸಿದಂತೆ ನೀಟಾಗಿತ್ತು.

"ಹೋತು," ಅಂದಳು.

ಕಾಕಾ ಗಾಬರಿಯಲ್ಲಿಯೂ ಧೈರ್ಯ ಹೇಳಿದ. "ರೊಕ್ಕ ಹೋದ್ರ ಹೋಗ್ಲಿರಿ ವೈನಿ. ನನ್ನ ಕಡೆ ಸ್ವಲ್ಪ ಅದಾವ."

"ರೊಕ್ಕಕ್ಕ ಬೆಂಕಿ ಹಚ್ಚೋ ತಮ್ಮಾ. ನನ್ನ ಲಿಂಗ ಹೋತು."

ಆಮೇಲೆ ಅವಳು ಅಳಲಿಲ್ಲ. ಬಗ್ಗಿ ಹುಡುಕಲು ಶುರು ಮಾಡಿದಳು. ಕಳ್ಳನಿಗೆ ಬೇಕಾದದ್ದು ರೊಕ್ಕ. ಕರಿ ಕಲ್ಲಿನಂಥ ಲಿಂಗ ಅವನಿಗೇಕೆ? ಇಲ್ಲೇ ಎಲ್ಲೋ ಒಗೆದಿರುತ್ತಾನೆ. ಅವಳ ಲೆಕ್ಕ ಅದು. ಬಸ್ಸಿನ ಗಾಲಿಯ ಕೆಳಗೆ ನೋಡಿದಳು. ಬಾಳೆಹಣ್ಣಿನ ಸಿಪ್ಪೆ ಸರಿಸಿ ನೋಡಿದಳು. ಗಟಾರದೊಳಗೆ ಕೈ ಹಾಕಿದಳು. ಮಡಿಯ ಅವ್ವ, ಬೇರೆಯವರ ತಂಬಿಗೆ ಮುಟ್ಟದ ಅವ್ವ, ಪರದೇಶದ ಗಟಾರದಲ್ಲಿ ಮೊಣಕೈತನಕ ಕೈಯಿಟ್ಟು ತಡಕುತ್ತಿದ್ದಳು. ನಾನೂ ಹಾಕಿದೆ. ಕಾಕಾ ಪೊಲೀಸರ ಹತ್ತಿರ ಓಡಿದ. ಕಳೆದದ್ದು ದೇವರೋ, ಒಡವೆಯೋ ಎಂದು ಅವರಿಗೆ ತಿಳಿಸಲಾಗದೆ ಮರಳಿ ಬಂದ.

ಆಗಲೇ ಮೋಡ ತೆರೆಯಿತು. ಸುತ್ತಲಿನ ಮಂದಿ ತಲೆ ಎತ್ತಿದರು, ನಾನೂ ಎತ್ತಿದೆ. ಮನೆಗಳ ಮಾಳಿಗೆಯ ಆಚೆ, ನಾನು ಊಹಿಸಿದ್ದಕ್ಕಿಂತ ಬಹಳ ಮೇಲೆ, ಬಿಳಿಯ ಗುಡ್ಡಗಳ ಸಾಲು ನಿಂತಿತ್ತು. ಬಿಸಿಲು ಬಿದ್ದಿತ್ತು. ಕಾಕಾ ಸುಳ್ಳು ಹೇಳಿರಲಿಲ್ಲ.

"ಅವ್ವಾ, ಗುಡ್ಡ ನೋಡು," ಅಂದೆ.

ಅವ್ವ ತಲೆ ಎತ್ತಲಿಲ್ಲ. ಇನ್ನೊಮ್ಮೆ ಅಂದೆ. "ಅತ್ತ ಸರಿ ಬೇ, ಬೆಳಕಿಗೆ ಅಡ್ಡ ನಿಂತೀದಿ," ಅಂದಳು. ಅಷ್ಟರಲ್ಲಿ ಮೋಡ ಮುಚ್ಚಿತು. ಆ ಗುಡ್ಡದ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅವಳು ಊಟ ಬಿಟ್ಟಳು. ಲಿಂಗವಿಲ್ಲದ ಮೈ ಹೆಣ, ಹೆಣಕ್ಕೆ ಯಾರು ಉಣಿಸುತ್ತಾರೆ, ಅಂದಳು. ಊರಿಗೆ ಹೋಗಿ ಅಯ್ಯನವರು ಬೇರೆ ಲಿಂಗ ಕಟ್ಟುವ ತನಕ ನೀರೂ ಬೇಡ. ಅಂದೇ ಮರಳುವುದೆಂದಾಯಿತು. ಕಾಕಾನ ಹತ್ತಿರ ಇದ್ದದ್ದು ಮೂವರಿಗೆ ಸಾಲುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಬಿಳಿಯ ಹೆಣ್ಣುಮಗಳು ಅವ್ವ ಹೊದ್ದ ಕೌದಿಯನ್ನು ಆಗಿನಿಂದಲೂ ಮುಟ್ಟಿ ಮುಟ್ಟಿ ನೋಡುತ್ತಿದ್ದಳು, ಕೊಡುತ್ತೀರಾ ಎಂದು ಕೈಸನ್ನೆ ಮಾಡಿದಳು. ಬೇರೆ ದಿನವಾಗಿದ್ದರೆ ಅವ್ವ ಅವಳ ಜೊತೆ ಮಹಾಭಾರತವನ್ನೇ ಮಾಡುತ್ತಿದ್ದಳು. ಅಂದು ಮೈಮೇಲಿಂದ ತೆಗೆದು ಕೊಟ್ಟುಬಿಟ್ಟಳು. ಕಾಕಾ ಬೆರಳೆಣಿಸಿ ಚೌಕಾಸಿ ಮಾಡಿದ. ಟಿಕೀಟಿನ ಚಿಂತೆ ತೀರಿತು. ಅಲ್ಲಿಂದ ಅವ್ವ ಚಳಿಯಲ್ಲಿ ನಡುಗುತ್ತಲೇ ಬಂದಳು.

ಗಡಿ ದಾಟಿದ ಮೇಲೆ ಅವಳ ತುಟಿ ಒಡೆದವು. "ನೀ ಕುಡೀದಿದ್ರ ನಾನೂ ಕುಡಿಯೂದಿಲ್ಲ," ಅಂದು ನಾನೂ ಹಟ ಹಿಡಿದೆ. ಬಿಸಿಲೇರಿದಾಗ ನನಗೆ ಕಣ್ಣು ಕತ್ತಲಿಟ್ಟಿತು. ಅವ್ವ ನನ್ನ ಮುಖ ನೋಡಿದಳು. "ನಿನ್ನ ಪಾಪ ನನಗ ಬ್ಯಾಡ," ಎಂದು ನೀರು ಕುಡಿದಳು, ಬರೀ ನೀರು. ಕಾಲ ಕೆಳಗೆ ಗಂಟು ತುಂಬ ರೊಟ್ಟಿ ಇತ್ತು. ರೈಲು ಅಲುಗಿದಾಗೊಮ್ಮೆ ಅದು ಮುರಿಯುವ ಸಪ್ಪಳ ಕೇಳುತ್ತಿತ್ತು. ಪಾಪ, ಕಾಕಾ ಹಸಿವು ತಾಳದವನು. ಕಿಟಕಿಯ ಕಡೆ ಮುಖ ಮಾಡಿ, ಕರಕರ ಅನ್ನದ ಹಾಗೆ ನೀರಲ್ಲಿ ನೆನೆಸಿ ತಿನ್ನುತ್ತಿದ್ದ. ತಿನ್ನುತ್ತ ಅಳುತ್ತಿದ್ದ.

ಆಳಂದದಲ್ಲಿ ಕಾಕಾ ಇಳಿದ. ಅವ್ವ ಮನೆಗೆ ಬರಲು ಒಪ್ಪಲಿಲ್ಲ. ಮೊದಲಿನದು ಕಟ್ಟಿದ ಮನೆತನವೇ ಇದನ್ನೂ ಕಟ್ಟಬೇಕೆಂದಳು. ಗುಲಬರ್ಗಾಕ್ಕೆ ಬಸ್ಸು, ಅಲ್ಲಿಂದ ಜೇವರ್ಗಿ, ಅಲ್ಲಿಂದ ಇಜೇರಿ. ಅವಳಿಗೆ ಲಿಂಗ ಕಟ್ಟಿದ ಹಿರಿಯ ಅಯ್ಯನವರು ಯಾವಾಗಲೋ ಲಿಂಗೈಕ್ಯರಾಗಿದ್ದರು. ಅವರ ಮಗ, ನನ್ನ ವಾರಿಗೆಯವರು, ಬಾಗಿಲಲ್ಲಿ ನಮ್ಮನ್ನು ಕಂಡು ಹೆದರಿಬಿಟ್ಟರು. ಅವ್ವ ಹೊಸ್ತಿಲ ಹೊರಗೇ ಕೂತಳು. "ಶಿವನ ಮಗ್ಗಲ ರೊಕ್ಕ ಇಟ್ಟೆರಿ ಅಯ್ಯಾ. ನಾ ಇಲ್ಲಾ ರೊಕ್ಕ, ಇಬ್ಬರಾಗ ಒಬ್ಬರು ಅಂದು ಶಿವ ಹೊಂಟೇ ಹೋದಾ," ಅಂದಳು. ಅಯ್ಯನವರು ಬೈಯಲಿಲ್ಲ. ಜಳಕ ಮಾಡಿಸಿ, ದೀಕ್ಷೆ ಕೊಟ್ಟು, ಹೊಸ ಲಿಂಗ ಕಟ್ಟಿ, ಪ್ರಸಾದ ಎಡೆ ಮಾಡಿಸಿದರು. ಅವ್ವ ಉಂಡಳು. ಅವಳು ತುತ್ತು ನುಂಗುವುದನ್ನು ನೋಡಿ ನಾನು ಹಿತ್ತಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ.

ಎಲ್ಲ ಸರಿಹೋಯಿತು ಅಂದುಕೊಂಡೆ. ಹೋಗಲಿಲ್ಲ. ಅವಳು ಜಗಳಾಡುವುದನ್ನು ಬಿಟ್ಟಳು. ಊರವರು ಬಂದು ನನ್ನ ಹತ್ತಿರ "ನಿಮ್ಮವ್ವ ಯಾಕ ಬೈಯೂದಿಲ್ರಿ ಅಕ್ಕೋರೆ?" ಎಂದು ಕೇಳಿದರು. ಪೂಜೆಗೆ ಕೂತಾಗ ಹೊಸ ಲಿಂಗವನ್ನು ನೆಂಟರ ಮನೆಯ ಕೂಸಿನ ಹಾಗೆ ಹುಷಾರಾಗಿ ಹಿಡಿಯುತ್ತಿದ್ದಳು. ಪೂಜೆ ಮುಗಿದ ಮೇಲೆ ಅದೇ ಪ್ರಶ್ನೆ.

"ಅಂವ ಅದನ್ನ ಎಲ್ಲಿ ಒಗದಿರಬೇಕು ಬೇ?"

"ಒಗದಿರೂದಿಲ್ಲ ಅವ್ವಾ. ಅದೂ ಶಿವನ ದೇಶ. ಯಾವುದರೆ ಗಿಡದ ಬುಡಕ ಇಟ್ಟಿರ್ತಾನ. ಯಾರರೆ ಹೂವು ಏರಸ್ತಿರತಾರ."

"ಹೌದಲ್ಲ?" ಅನ್ನುತ್ತಿದ್ದಳು. ಆಮೇಲೆ ಮೆಲ್ಲಗೆ, "ಥಂಡಿ ಭಾಳ ಅಲ್ಲಿ," ಅನ್ನುತ್ತಿದ್ದಳು. ಬರ್ಫದ ಗುಡ್ಡದ ಹೆಸರನ್ನು ಮತ್ತೆ ಎತ್ತಲಿಲ್ಲ. ನಾನು ಕಂಡಿದ್ದೇನೆಂದು ಅವಳಿಗೆ ನಾನೂ ಹೇಳಲಿಲ್ಲ.

ಅವಳು ಹಾಸಿಗೆ ಹಿಡಿದದ್ದು ತೊಂಬತ್ತರ ದಶಕದಲ್ಲಿ. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು ಹೇಳಿದಳು. "ಮಣ್ಣು ಕೊಡೂವಾಗ ಈ ಹೊಸಾದು ನನ್ನ ಕೊರಳಾಗ ಇರ್ಲಿ. ಎಡಗೈ ಖಾಲಿ ಇಡ್ರಿ. ಅದು ಬಂತಂದ್ರ ಜಾಗಾ ಬೇಕಲ್ಲ."

ಅವಳು ಹೋದ ಸುದ್ದಿ ತಿಳಿದು ಇಜೇರಿಯ ಅಯ್ಯನವರೇ ಬಂದರು. ನಮ್ಮ ಹೊಲದಲ್ಲಿ ಅಪ್ಪನ ಮಗ್ಗುಲಲ್ಲಿ ಕುಣಿ ತೋಡಿದ್ದರು. ಅವ್ವನನ್ನು ಕೂಡಿಸಿ, ವಿಭೂತಿ ಹಚ್ಚಿ, ಪತ್ರಿ ಏರಿಸಿದರು. ಅಯ್ಯನವರು ಲಿಂಗವನ್ನು ಅಂಗೈಗೆ ಇಡಲು ಬಿಚ್ಚುತ್ತಿದ್ದಾಗ ಅವಳು ಹೇಳಿದ್ದನ್ನು ಹೇಳಿದೆ. "ಖಾಲಿ ಕೈಲೆ ಹ್ಯಾಂಗ ಕಳಸೂದು ತಂಗಿ? ಶಾಸ್ತ್ರ ಒಪ್ಪೂದಿಲ್ಲ," ಅಂದರು. ಮಂದಿಯೂ ಗುಸುಗುಸು ಅಂದರು. ಅಯ್ಯನವರು ಅವ್ವನ ಮುಖವನ್ನು ಬಹಳ ಹೊತ್ತು ನೋಡಿದರು. ತಮ್ಮ ಮನೆಯ ಹೊಸ್ತಿಲ ಹೊರಗೆ ಕೂತವಳು ನೆನಪಾಗಿರಬೇಕು. ಲಿಂಗವನ್ನು ಮತ್ತೆ ಅವಳ ಕೊರಳಿಗೇ ಕಟ್ಟಿದರು. ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟು, ಮಡಚಿದ ಬೆರಳುಗಳನ್ನು ತಾವೇ ಒಂದೊಂದಾಗಿ ಬಿಡಿಸಿದರು.

ಗಂಡುಮಕ್ಕಳಿಲ್ಲದ ಮನೆ. ಮೊದಲ ಹಿಡಿ ಮಣ್ಣು ನಾನೇ ಹಾಕಬೇಕಿತ್ತು. ಆ ಅಂಗೈಯ ಮೇಲೆ ಬೀಳದ ಹಾಗೆ ಹಾಕಿದೆ.